ಅಪ್‌ವರ್ಕ್‌ನಲ್ಲಿ ಮೊದಲ ಕೆಲಸ: ಕ್ಲೈಂಟ್ ಟೆಲಿಗ್ರಾಮ್‌ಗೆ ಬನ್ನಿ ಅಂತಿದ್ದಾರೆ, ಹೋಗಬಹುದಾ?

ಹಾಸನ_ಕಾವ್ಯ:

ಎಲ್ಲರಿಗೂ ನಮಸ್ಕಾರ. ಬಿ.ಕಾಂ ಮುಗಿಸಿ ಮನೆಯಲ್ಲಿದ್ದೇನೆ. ಇಂಗ್ಲಿಷ್–ಕನ್ನಡ ಅನುವಾದ, ಟೈಪಿಂಗ್ ಕೆಲಸ ಸಿಗಬಹುದು ಅಂತ ಅಪ್‌ವರ್ಕ್‌ನಲ್ಲಿ (ಆನ್‌ಲೈನ್‌ನಲ್ಲಿ ಬಿಡಿ ಕೆಲಸ ಸಿಗುವ ವೆಬ್‌ಸೈಟ್) ಪ್ರೊಫೈಲ್ ಮಾಡಿದೆ. ತುಂಬ ಕೆಲಸಗಳಿಗೆ ಪ್ರಪೋಸಲ್, ಅಂದರೆ ಅರ್ಜಿ ಹಾಕಿದೆ, ಯಾರೂ ಉತ್ತರ ಕೊಡಲಿಲ್ಲ. ನಿನ್ನೆ ಒಬ್ಬರಿಂದ ಮೆಸೇಜ್ ಬಂತು. 40 ಪುಟದ ಪಿಡಿಎಫ್ ಕನ್ನಡಕ್ಕೆ ಮಾಡಬೇಕು, 5 ದಿನ ಟೈಮ್, 800 ಡಾಲರ್ ಕೊಡುತ್ತೇವೆ ಅಂತ. ವಿವರ ಅಟ್ಯಾಚ್‌ಮೆಂಟ್‌ನಲ್ಲಿದೆ ಅಂದಿದ್ದರು. ತೆರೆದರೆ ಬರೀ ಒಂದು ಟೆಲಿಗ್ರಾಮ್ ಐಡಿ, ಕೆಳಗೆ "ನಮ್ಮ ಮ್ಯಾನೇಜರ್ ಜೊತೆ ಇಲ್ಲಿ ಮಾತಾಡಿ" ಅಂತ ಒಂದು ಸಾಲು.

ಮಾತಾಡಿದೆ. ತುಂಬ ಮರ್ಯಾದೆಯಿಂದಲೇ ಮಾತಾಡಿದರು. ಕೆಲಸ ಮುಗಿಸಿ ಕೊಟ್ಟ ದಿನವೇ ದುಡ್ಡು ಹಾಕ್ತಾರಂತೆ. ಆದರೆ ಮೊದಲು ರಿಜಿಸ್ಟ್ರೇಷನ್‌ಗೆ 30 ಡಾಲರ್ ಕಟ್ಟಬೇಕು, ಅದನ್ನು ಪೇಮೆಂಟ್ ಜೊತೆ ವಾಪಸ್ ಕೊಡ್ತೀವಿ ಅಂತಾರೆ. ಅಪ್‌ವರ್ಕ್ ಸುಮ್ನೆ ಕಮಿಷನ್ ಹಿಡಿಯುತ್ತೆ, ಹೊರಗೇ ಮಾಡೋಣ ಅಂತಲೂ ಹೇಳಿದರು.

ನಮ್ಮ ಅಪ್ಪ ಮೊದಲಿಂದಲೂ "ಇಂಟರ್ನೆಟ್ ಕೆಲಸ ಎಲ್ಲಾ ಮೋಸ" ಅಂತಾರೆ. ಅವರನ್ನು ಕೇಳಿದರೆ ಏನು ಹೇಳ್ತಾರೆ ಅಂತ ಗೊತ್ತು, ಅದಕ್ಕೇ ಇಲ್ಲಿ ಕೇಳ್ತಿದ್ದೇನೆ. ಇದು ನಿಜವಾದ ಕೆಲಸವಾ? ಅಪ್‌ವರ್ಕ್ ರೂಲ್ಸ್ ಪೇಜ್ ತೆರೆದೆ, ಮುಗಿಯದಷ್ಟು ಉದ್ದ ಇದೆ. ಅದನ್ನೆಲ್ಲ ಓದಲೇಬೇಕಾ?

ಹುಬ್ಬಳ್ಳಿ_ಡಿಸೈನರ್:

ದಯವಿಟ್ಟು ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕೆಲಸ ಕೊಡೋದಕ್ಕೆ ಕ್ಲೈಂಟ್ ನಿಮ್ಮಿಂದ ದುಡ್ಡು ಕೇಳುವ ಹಾಗಿಲ್ಲ ಅಂತ ಅಪ್‌ವರ್ಕ್ ರೂಲ್ಸ್‌ನಲ್ಲೇ ಇದೆ. ರಿಜಿಸ್ಟ್ರೇಷನ್, ಟ್ರೈನಿಂಗ್, ಸೆಕ್ಯೂರಿಟಿ ಡೆಪಾಸಿಟ್, ಯಾವ ಹೆಸರಿಟ್ಟರೂ ಅಷ್ಟೇ. ಕಾಂಟ್ರಾಕ್ಟ್ ಶುರುವಾಗೋ ಮುಂಚೆ ಟೆಲಿಗ್ರಾಮ್, ವಾಟ್ಸಾಪ್‌ಗೆ ಕರೆಯೋದೂ ತಪ್ಪೇ. ಚಾಟ್‌ನಲ್ಲಿ ನೇರವಾಗಿ ಬರೆದರೆ ಸಿಕ್ಕಿಬೀಳ್ತಾರೆ, ಅದಕ್ಕೇ ಐಡಿಯನ್ನು ಫೈಲ್ ಒಳಗೆ ಇಟ್ಟು ಕಳಿಸ್ತಾರೆ.

ನಾನು ಫೈವರ್ ಅನ್ನೋ ಇಂಥದ್ದೇ ಇನ್ನೊಂದು ಸೈಟ್‌ನಲ್ಲಿ ಲೋಗೊ ಮಾಡ್ತೀನಿ. ಅಲ್ಲಿ ಬರೋದು ಬೇರೆ ಥರ. "ಪೇಮೆಂಟ್ ಪಡೆಯಲು ಈ ಲಿಂಕ್ ಒತ್ತಿ" ಅಂತ ಮೆಸೇಜ್ ಬರುತ್ತೆ. ಒತ್ತಿದರೆ ಥೇಟ್ ಫೈವರ್ ಥರದ್ದೇ ಪೇಜ್, ಅದೇ ಹಸಿರು ಬಣ್ಣ. ಕಾರ್ಡ್ ನಂಬರ್, ಹಿಂದಿನ ಮೂರಂಕಿ, ಕೊನೆಗೆ ಓಟಿಪಿ ಕೇಳುತ್ತೆ. ಫೈವರ್‌ನಲ್ಲಿ ಆರ್ಡರ್ ಹಾಕುವಾಗಲೇ ಖರೀದಿದಾರ ದುಡ್ಡು ಕಟ್ಟಿರ್ತಾನೆ, ಆ ಆರ್ಡರ್ ನಿಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಕಾಣುತ್ತೆ. ಇಷ್ಟು ಗೊತ್ತಿದ್ದವರು ಆ ಲಿಂಕ್ ಯಾಕೆ ಒತ್ತುತ್ತಾರೆ?

ಶಿರಸಿ_ಅನುವಾದಕಿ:

ಕಾವ್ಯ ಅವರೇ, ನಾನೂ ಇದೇ ಇಂಗ್ಲಿಷ್–ಕನ್ನಡ ಅನುವಾದ ಮಾಡಿಕೊಂಡೇ ಮನೆ ನಡೆಸುವವಳು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಲೆಕ್ಕ ನೋಡಿ. ಪುಟಕ್ಕೆ 250 ಪದ ಅಂದುಕೊಂಡರೆ 40 ಪುಟಕ್ಕೆ 10,000 ಪದ. 800 ಡಾಲರ್ ಅಂದರೆ ಪದಕ್ಕೆ 8 ಸೆಂಟ್. ಒಂದೂ ರಿವ್ಯೂ ಇಲ್ಲದವರಿಗೆ, ಅದೂ ಸ್ಯಾಂಪಲ್ ಕೂಡ ಕೇಳದೆ, ಕನ್ನಡಕ್ಕೆ ಆ ರೇಟ್ ಸುಮ್ನೆ ಬರುವುದಿಲ್ಲ. ನಿಜವಾದ ಕ್ಲೈಂಟ್‌ಗೆ ನೂರೆಂಟು ಪ್ರಶ್ನೆ ಇರುತ್ತೆ. ಫೈಲ್ ಯೂನಿಕೋಡ್‌ನಲ್ಲಿ ಕೊಡ್ತೀರಾ, ಇಲ್ಲ ನುಡಿ ಫಾಂಟ್‌ನಲ್ಲಿ ಕೊಡ್ತೀರಾ? ಆಸ್ಪತ್ರೆಗೆ ಸಂಬಂಧಪಟ್ಟದ್ದು ಮಾಡಿದ್ದೀರಾ? ನಾವು ಕೊಡುವ ಪದಪಟ್ಟಿಯನ್ನೇ ಬಳಸ್ತೀರಾ? ದಿನಕ್ಕೆ ಎಷ್ಟು ಪದ ಆಗುತ್ತೆ? ನಿಮ್ಮ "ಮ್ಯಾನೇಜರ್" ಕನ್ನಡದ ಬಗ್ಗೆ ಒಂದಾದರೂ ಪ್ರಶ್ನೆ ಕೇಳಿದರಾ?

ಈಗ ರೂಲ್ಸ್ ವಿಷಯ. ಓದಲೇಬೇಕು. ಆದರೆ ಪರೀಕ್ಷೆಗೆ ಕೂತ ಹಾಗೆ ಬಾಯಿಪಾಠ ಮಾಡುವುದು ಬೇಡ. ಒಂದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಓದಿ: ಈ ಹೊತ್ತಿನಲ್ಲಿ ದುಡ್ಡು ಯಾರ ಹತ್ತಿರ ಇದೆ?

ಫಿಕ್ಸೆಡ್ ಪ್ರೈಸ್, ಅಂದರೆ ಮೊದಲೇ ಒಟ್ಟು ಮೊತ್ತ ನಿಗದಿಯಾದ ಕೆಲಸವನ್ನೇ ಉದಾಹರಣೆಗೆ ತಗೊಳ್ಳಿ. ಕ್ಲೈಂಟ್ ಆಫರ್ ಕಳಿಸಿ, ಮೈಲ್‌ಸ್ಟೋನ್‌ಗೆ (ಕೆಲಸದ ಒಂದೊಂದು ಹಂತಕ್ಕೆ) ದುಡ್ಡು ತುಂಬುತ್ತಾರೆ. ಅದು ಎಸ್ಕ್ರೊದಲ್ಲಿ, ಅಂದರೆ ಅಪ್‌ವರ್ಕ್ ಮೂಲಕ ಮಧ್ಯದಲ್ಲಿ ಇಟ್ಟಿರುವ ಖಾತೆಯಲ್ಲಿ ಕೂರುತ್ತೆ. ಅಂದರೆ ಅವರ ಕೈಯಿಂದ ಹೊರಟಿದೆ, ನಿಮ್ಮ ಕೈಗೆ ಇನ್ನೂ ಬಂದಿಲ್ಲ. ನೀವು ಕೆಲಸ ಸಬ್ಮಿಟ್ ಮಾಡಿದ ಮೇಲೆ ನೋಡೋದಕ್ಕೆ ಕ್ಲೈಂಟ್‌ಗೆ 14 ದಿನ ಇರುತ್ತೆ. ಅಷ್ಟರೊಳಗೆ ಒಪ್ಪದೆ, ತಿದ್ದುಪಡಿಯನ್ನೂ ಕೇಳದೆ ಸುಮ್ಮನಿದ್ದರೆ ದುಡ್ಡು ತಾನಾಗಿಯೇ ಬಿಡುಗಡೆ ಆಗುತ್ತೆ. ಆಮೇಲೆ 5 ದಿನ ತಡೆದು ನಿಮಗೆ ತೆಗೆಯಲು ಸಿಗುತ್ತೆ. ಸಬ್ಮಿಟ್ ಬಟನ್ ಒತ್ತದೆ ಬರೀ ಚಾಟ್‌ನಲ್ಲಿ ಫೈಲ್ ಕಳಿಸಿದರೆ ಈ 14 ದಿನದ ಎಣಿಕೆ ಶುರುವೇ ಆಗುವುದಿಲ್ಲ. ಹೊಸಬರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ನನಗೆ ಸಂಕಟ ಆಗೋದು ಅಲ್ಲೇ.

ಗಂಟೆ ಲೆಕ್ಕದ ಕೆಲಸವಾದರೆ ಅವರ ಡೆಸ್ಕ್‌ಟಾಪ್ ಆ್ಯಪ್ ಹಾಕಿಕೊಂಡೇ ಕೂರಬೇಕು. ಅದು ಆಗಾಗ ಸ್ಕ್ರೀನ್‌ಶಾಟ್ ತೆಗೆಯುತ್ತೆ. ಕಿರಿಕಿರಿ ಅನ್ನಿಸಬಹುದು. ಆದರೆ ಮುಂದೆ ತಕರಾರು ಬಂದರೆ ನಿಮ್ಮ ಪರ ಇರುವ ಸಾಕ್ಷಿ ಅದೊಂದೇ. ಕೈಯಿಂದ ಬರೆದು ಸೇರಿಸಿದ ಗಂಟೆಗಳಿಗೆ ಪೇಮೆಂಟ್ ಪ್ರೊಟೆಕ್ಷನ್ (ದುಡ್ಡು ಸಿಗುವ ಭರವಸೆ) ಇಲ್ಲ.

ಇದನ್ನು ಮನಸ್ಸಲ್ಲಿಟ್ಟುಕೊಂಡು ನಿಮ್ಮ ಮ್ಯಾನೇಜರ್ ಹೇಳಿದ್ದನ್ನು ಮತ್ತೆ ಓದಿ. ಟೆಲಿಗ್ರಾಮ್‌ಗೆ ಬನ್ನಿ ಅಂದರೆ ಮಾತಿನ ದಾಖಲೆ ಅಪ್‌ವರ್ಕ್‌ನಲ್ಲಿ ಉಳಿಯಲ್ಲ. ಹೊರಗೆ ಮಾಡೋಣ ಅಂದರೆ ಎಸ್ಕ್ರೊ ಇಲ್ಲ. ಮೊದಲು ನೀವು ಕಟ್ಟಿ ಅಂದರೆ ದುಡ್ಡು ಹೋಗೋ ದಿಕ್ಕೇ ತಿರುಗಿತು. ಒಬ್ಬ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಅಂತ ಚಾಟ್‌ನಲ್ಲಿ ಅಳೆಯೋದಕ್ಕೆ ಯಾರಿಂದಲೂ ಆಗಲ್ಲ. ಮೋಸ ಮಾಡುವವರು ಮರ್ಯಾದೆಯಿಂದಲೇ ಮಾತಾಡ್ತಾರೆ. ರೂಲ್ಸ್ ಗೊತ್ತಿದ್ದರೆ ಅಳೆಯುವ ಕೆಲಸವೇ ಇರಲ್ಲ.

ಕಮಿಷನ್ ಬಗ್ಗೆಯೂ ಹೇಳ್ತೀನಿ. ಅಪ್‌ವರ್ಕ್ 2025ರ ಮೇ ತಿಂಗಳಿಂದ ಹೊಸ ಕಾಂಟ್ರಾಕ್ಟ್‌ಗಳಿಗೆ ಕೆಲಸಕ್ಕೆ ತಕ್ಕಂತೆ ಶೇ 0ರಿಂದ 15ರವರೆಗೆ ಹಿಡಿಯುತ್ತೆ. ಫೈವರ್ ಶೇ 20. ಹೊಟ್ಟೆ ಉರಿಯುತ್ತೆ ನಿಜ. ಆದರೂ ಅಪ್‌ವರ್ಕ್‌ನಲ್ಲಿ ಪರಿಚಯವಾದ ಕ್ಲೈಂಟ್ ಜೊತೆ 24 ತಿಂಗಳು ಹಣದ ವ್ಯವಹಾರ ಅಲ್ಲೇ ಮಾಡಬೇಕು. ಅದಕ್ಕೂ ಮುಂಚೆ ಹೊರಗೆ ಹೋಗಬೇಕೆಂದರೆ ಫೀ ಕಟ್ಟಿಯೇ ಹೋಗಬೇಕು. ಕದ್ದು ಹೋದರೆ ಅಕೌಂಟ್ ಹೋಗುತ್ತೆ, ಕಷ್ಟಪಟ್ಟು ಗಳಿಸಿದ ರಿವ್ಯೂಗಳೂ ಅದರ ಜೊತೆಗೇ ಹೋಗುತ್ತವೆ.

ಇನ್ನೊಂದು ಮಾತು. 30 ಡಾಲರ್ ದೊಡ್ಡ ದುಡ್ಡೇ. ಆದರೆ ಅದಕ್ಕಿಂತ ಜಾಸ್ತಿ ಕಳೆದುಕೊಳ್ಳೋದು ಬೇರೆ ಇದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಒಂದು ಸಲ ಹೀಗೆ ಮೋಸಹೋದರೆ "ನಾನು ಮೊದಲೇ ಹೇಳಿರಲಿಲ್ವಾ" ಅಂತ ಮನೆಯವರು ಲ್ಯಾಪ್‌ಟಾಪ್ ಮುಚ್ಚಿಸಿಬಿಡ್ತಾರೆ. ಚೆನ್ನಾಗಿ ಕನ್ನಡ ಬರೆಯುವವರು ಹಾಗೆ ಕೆಲಸ ಬಿಟ್ಟದ್ದನ್ನು ಹತ್ತಿರದಿಂದ ನೋಡಿದ್ದೇನೆ. ನಿಮ್ಮ ತಂದೆಯವರಿಗೆ ಈ ಎಸ್ಕ್ರೊ ಹೇಗೆ ನಡೆಯುತ್ತೆ ಅಂತ ಕೂರಿಸಿಕೊಂಡು ತೋರಿಸಿ. ದುಡ್ಡಿನ ಲೆಕ್ಕ ಹಿರಿಯರಿಗೆ ಬೇಗ ಅರ್ಥ ಆಗುತ್ತೆ.

ದಾವಣಗೆರೆ_ಟೈಪಿಸ್ಟ್:

ಇದರ ದೇಸಿ ರೂಪವನ್ನೂ ಸೇರಿಸುತ್ತೇನೆ. ವಾಟ್ಸಾಪ್‌ನಲ್ಲಿ "ಮನೆಯಲ್ಲೇ ಕೂತು ಫಾರ್ಮ್ ತುಂಬಿ" ಅಂತ ಬರುತ್ತಲ್ಲ, ಅದರಲ್ಲಿ ಮೊದಲು ಆನ್‌ಲೈನ್ ಅಗ್ರಿಮೆಂಟ್‌ಗೆ ಸಹಿ ಮಾಡಿಸ್ತಾರೆ. ಶೇ 90 ಸರಿ ಇರಬೇಕು ಅಂತ ಷರತ್ತು. ಎಷ್ಟು ಚೆನ್ನಾಗಿ ಮಾಡಿದರೂ ಫೇಲ್ ಮಾಡ್ತಾರೆ. ಆಮೇಲೆ ವಕೀಲರ ಹೆಸರಲ್ಲಿ "ಲೀಗಲ್ ನೋಟಿಸ್" ಬರುತ್ತೆ, ದಂಡ ಕಟ್ಟದಿದ್ದರೆ ಮನೆಗೆ ಪೊಲೀಸ್ ಬರ್ತಾರೆ ಅಂತ ಹೆದರಿಸ್ತಾರೆ. ಟೈಪಿಂಗ್ ಮುಗಿಸಲಿಲ್ಲ ಅಂತ ಯಾರನ್ನೂ ಹಿಡಿದುಕೊಂಡು ಹೋಗಲ್ಲ. ಹೆದರಿ ಕಟ್ಟಬೇಡಿ. ದುಡ್ಡು ಕಟ್ಟಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಕೊಡಿ. ಬೇಗ ಹೇಳಿದರೆ ದುಡ್ಡು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯಲು ಆಗಬಹುದು.

ಹಾಸನ_ಕಾವ್ಯ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ದುಡ್ಡು ಕಟ್ಟಲ್ಲ ಅಂತ ಟೆಲಿಗ್ರಾಮ್‌ನಲ್ಲಿ ಹೇಳಿದೆ. ತಕ್ಷಣ ಬೇರೆ ಮಾತು ಬಂತು. "ಆಯ್ತು, ಅಪ್‌ವರ್ಕ್‌ನಲ್ಲೇ ಮಾಡೋಣ. ಈಗ 20 ಡಾಲರ್ ಮೈಲ್‌ಸ್ಟೋನ್ ಹಾಕ್ತೀವಿ, ಪೂರ್ತಿ 40 ಪುಟ ಕೊಟ್ಟ ಮೇಲೆ ಉಳಿದದ್ದು ಬೋನಸ್ ಆಗಿ ಕೊಡ್ತೀವಿ" ಅಂತ. ಅಕ್ಕ, ನೀವು ಹೇಳಿದ ಪ್ರಶ್ನೆ ಕೇಳಿಕೊಂಡೆ. 20 ಡಾಲರ್ ಎಸ್ಕ್ರೊದಲ್ಲಿ, 780 ಅವರ ಹತ್ತಿರವೇ. ನಾನು ಅಂದುಕೊಂಡದ್ದು ಸರಿನಾ? ಜಾಬ್ ಪೇಜ್ ಕೂಡ ಈಗ ಸರಿಯಾಗಿ ನೋಡಿದೆ. ಕ್ಲೈಂಟ್‌ನ ಪೇಮೆಂಟ್ ವಿಧಾನ ವೆರಿಫೈ ಆಗಿಲ್ಲ, ಇದುವರೆಗೆ ಯಾರನ್ನೂ ಹೈರ್ ಮಾಡಿಲ್ಲ.

ಶಿರಸಿ_ಅನುವಾದಕಿ:

ನೂರಕ್ಕೆ ನೂರು ಸರಿ. ಎಸ್ಕ್ರೊದಲ್ಲಿ ತುಂಬಿದ ದುಡ್ಡಿಗೆ ಮಾತ್ರ ರಕ್ಷಣೆ. ಬೋನಸ್ ಅನ್ನೋದು ಬರೀ ಬಾಯಿಮಾತು, ಕೊಡದಿದ್ದರೆ ಕೇಳೋಕೆ ದಾರಿಯೇ ಇಲ್ಲ. ಮುಂದೆ ಒಳ್ಳೆಯ ಕ್ಲೈಂಟ್ ಸಿಕ್ಕಾಗಲೂ ಇದೇ ಲೆಕ್ಕ ಇಟ್ಟುಕೊಳ್ಳಿ. 40 ಪುಟವನ್ನು ಹತ್ತತ್ತು ಪುಟದ ನಾಲ್ಕು ಮೈಲ್‌ಸ್ಟೋನ್ ಮಾಡಿಸಿ. ಮೊದಲನೆಯದಕ್ಕೆ ದುಡ್ಡು ತುಂಬಿದ ಮೇಲೆ ಮೊದಲ ಹತ್ತು ಪುಟ ಶುರು ಮಾಡಿ. ಸರಿಯಾದ ಕ್ಲೈಂಟ್ ಇದಕ್ಕೆ ಬೇಜಾರಾಗಲ್ಲ, ಅವರಿಗೂ ಕೆಲಸ ನೋಡಿಕೊಂಡು ಮುಂದೆ ಹೋಗಲು ಅನುಕೂಲ.

ಈಗ ಮಾಡಬೇಕಾದ್ದು: ಟೆಲಿಗ್ರಾಮ್ ಚಾಟ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಬ್ಲಾಕ್ ಮಾಡಿ. ಅಪ್‌ವರ್ಕ್‌ನಲ್ಲಿ ಜಾಬ್ ಪೇಜ್‌ಗೆ ಹೋಗಿ ಫ್ಲ್ಯಾಗ್ ಮಾಡಿ, ಅಂದರೆ ಮೋಸ ಅಂತ ದೂರು ಕೊಡಿ. ನಿಮ್ಮ ಹಾಗೇ ಇವತ್ತು ಇನ್ನೂ ಎಷ್ಟು ಜನಕ್ಕೆ ಆ ಮೆಸೇಜ್ ಹೋಗಿದೆಯೋ.

ಮಂಗಳೂರು_ಕೋಡರ್:

ನನ್ನ ತಮ್ಮನಿಗೆ ಇನ್ನೊಂದು ಥರ ಬಂದಿದೆ. ಅವನ ಅಪ್‌ವರ್ಕ್ ಅಕೌಂಟ್ ಬಾಡಿಗೆಗೆ ಕೊಡಬೇಕಂತೆ, ಲ್ಯಾಪ್‌ಟಾಪ್‌ನಲ್ಲಿ ಎನಿಡೆಸ್ಕ್ (ದೂರದಿಂದಲೇ ಕಂಪ್ಯೂಟರ್ ನಡೆಸುವ ಆ್ಯಪ್) ಹಾಕಿಟ್ಟರೆ ಸಾಕು, ಕೆಲಸ ಅವರೇ ಮಾಡಿಕೊಳ್ತಾರಂತೆ. ಬಂದ ದುಡ್ಡಲ್ಲಿ ಇವನಿಗೂ ಪಾಲು. ಇವನು ದುಡ್ಡು ಕಟ್ಟೋದೇನೂ ಇಲ್ಲ. ಆದರೂ ಅಪಾಯ ಇದೆಯಾ?

ಶಿರಸಿ_ಅನುವಾದಕಿ:

ಇದು ಕಾವ್ಯ ಅವರದ್ದಕ್ಕಿಂತ ದೊಡ್ಡ ಅಪಾಯ. ಅಕೌಂಟ್ ಇನ್ನೊಬ್ಬರಿಗೆ ಕೊಡೋದು ರೂಲ್ಸ್‌ಗೆ ವಿರುದ್ಧ, ಗೊತ್ತಾದರೆ ಮುಚ್ಚುತ್ತಾರೆ. ಅಲ್ಲಿಗೇ ಮುಗಿಯಲ್ಲ. ಗುರುತಿನ ಚೀಟಿ ತಮ್ಮನದು, ಪ್ಯಾನ್ ತಮ್ಮನದು, ದುಡ್ಡು ಬಂದು ಬೀಳೋ ಬ್ಯಾಂಕ್ ಖಾತೆಯೂ ತಮ್ಮನದು. ಆ ಹೆಸರಲ್ಲಿ ಯಾರಿಗಾದರೂ ಮೋಸ ಆದರೆ ಪೊಲೀಸರು ಮೊದಲು ಕೇಳೋದು ತಮ್ಮನನ್ನೇ. ಖಾತೆ ಫ್ರೀಜ್ ಆದರೆ ಅದನ್ನು ಬಿಡಿಸೋದಕ್ಕೆ ಓಡಾಡಬೇಕಾದವನೂ ಅವನೇ. ಎನಿಡೆಸ್ಕ್ ಹಾಕಿದ್ದರೆ ಇವತ್ತೇ ತೆಗೆಸಿ. ಅಪ್‌ವರ್ಕ್, ಇಮೇಲ್, ನೆಟ್ ಬ್ಯಾಂಕಿಂಗ್ ಮೂರರ ಪಾಸ್‌ವರ್ಡ್‌ನೂ ಬೇರೆ ಫೋನಿನಿಂದ ಬದಲಾಯಿಸಲು ಹೇಳಿ.