ಮನೆಯ ಸುತ್ತಲಿನ ಆರು ಸೆಂಟು ಹುಲ್ಲಿಗೆ ಬ್ಯಾಟರಿ ಯಂತ್ರ: ಯಾವುದನ್ನು ಕೊಳ್ಳಲಿ?

ನಾಪೋಕ್ಲು ಟೀಚರ್ (ಮೇ 11)

ನಮಸ್ಕಾರ. ಪ್ರಶ್ನೆ ಚಿಕ್ಕದು, ಪೀಠಿಕೆ ದೊಡ್ಡದು. 31 ವರ್ಷ ಪಾಠ ಹೇಳಿದವಳ ಚಾಳಿ, ಸಹಿಸಿಕೊಳ್ಳಿ.

ಕೊಡಗಿನ ನಾಪೋಕ್ಲಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ತೋಟದ ಚಿಂತೆ ನನಗಿಲ್ಲ. ಪೆಟ್ರೋಲ್ ಯಂತ್ರ ಹೊತ್ತ ಗುತ್ತಿಗೆಯವರು ವರ್ಷಕ್ಕೆ ಎರಡು ಸಲ ಬಂದು ಕಾಡು (ಕಳೆ) ಹೊಡೆದು ಹೋಗುತ್ತಾರೆ. ತಲೆನೋವು ಇರುವುದು ಮನೆಯ ಸುತ್ತ. ಕಾಫಿ ಒಣಗಿಸುವ ಕಣದ ಅಂಚು, ಗೇಟಿನಿಂದ ಮೆಟ್ಟಿಲವರೆಗಿನ ದಾರಿಯ ಎರಡೂ ಬದಿ, ಬಾವಿಕಟ್ಟೆಯ ಸುತ್ತ, ಮತ್ತೆ ನಮ್ಮ ಯಜಮಾನರು ಹುಲ್ಲುಹಾಸು ಎಂದು ಕರೆಯುವ ಒಂದು ಇಳಿಜಾರು. ಟೇಪು ಹಿಡಿದು ಅಳೆದೆ. ಎಲ್ಲ ಸೇರಿ ಆರು ಸೆಂಟು, ಅಂದರೆ ಸುಮಾರು 2,600 ಚದರ ಅಡಿ. ಅರ್ಧ ಗರಿಕೆ, ಕಾಲು ಭಾಗ ನಾಚಿಕೆ ಮುಳ್ಳು, ಉಳಿದದ್ದರ ಹೆಸರು ನನಗೆ ಗೊತ್ತಿಲ್ಲ.

ಇಷ್ಟು ವರ್ಷ ಇದನ್ನು ಕತ್ತಿಯಲ್ಲಿ ಸವರುತ್ತಿದ್ದವರು ಲೈನ್ ಮನೆ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿದ್ದ ಒಬ್ಬ ಅಜ್ಜ. ಯುಗಾದಿಗೆ ಹುಣಸೂರಿನ ಮಗನ ಮನೆಗೆ ಹೋದವರು ಅಲ್ಲೇ ಉಳಿದರು. ಅವರ ಜಾಗಕ್ಕೆ ಬರುವವರಿಲ್ಲ. ಆರು ಸೆಂಟಿಗೆ ಯಾರು ದಿನಗೂಲಿ ಹಿಡಿದು ಬರುತ್ತಾರೆ? ನನಗೆ 63. ಬಲ ಭುಜ ಎತ್ತಿದರೆ ನೋಯುತ್ತದೆ. ಪಕ್ಕದ ಮನೆಯ ಪೆಟ್ರೋಲ್ ಯಂತ್ರವನ್ನು ಒಮ್ಮೆ ಹೆಗಲಿಗೆ ಹಾಕಿಕೊಂಡು ನೋಡಿದೆ. ಹಗ್ಗ ಎಳೆದು ಅದನ್ನು ಎಬ್ಬಿಸುವಷ್ಟರಲ್ಲೇ ಅಂದಿನ ನನ್ನ ಕೆಲಸ ಮುಗಿಯಿತು.

ಬ್ಯಾಟರಿಯದ್ದನ್ನು ಕೊಳ್ಳೋಣವೆಂದು ಮೊಬೈಲಿನಲ್ಲಿ ಹುಡುಕಿದರೆ 18 ವೋಲ್ಟ್, 20, 21, 36, 48, 88! ವಿಚಿತ್ರವೆಂದರೆ ಅಗ್ಗದ್ದರಲ್ಲೇ ವೋಲ್ಟ್ ಹೆಚ್ಚು. ಇದು ಯಾವ ನ್ಯಾಯ? ಹುಲ್ಲು ಕತ್ತರಿಸಲು ಗಿರಗಿರ ತಿರುಗುವ ನೈಲಾನ್ ದಾರ ಒಳ್ಳೆಯದೋ ಕಬ್ಬಿಣದ ಬ್ಲೇಡ್ ಒಳ್ಳೆಯದೋ ಎಂಬುದೂ ತಿಳಿಯದು. ಇನ್ನು ಮೂರು ವಾರಕ್ಕೆ ಮಳೆ ಹಿಡಿಯುತ್ತದೆ. ಆಮೇಲೆ ಕರೆಂಟು ಹೋದರೆ ಎರಡು ದಿನ ಬಾರದಿರುವುದೂ ಉಂಟು.

ಇನ್ನೊಂದು ಷರತ್ತು. ಬೇಲಿಯ ಬುಡದಲ್ಲಿ ತೋಕ್ ಪೂವಿನ (ಅಗ್ನಿಶಿಖೆ) ಬಳ್ಳಿ ಇದೆ. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಕೋವಿಗೆ ಸಿಕ್ಕಿಸಲು ಅದೇ ಹೂವು ಆಗಬೇಕು. ಕಳೆದ ವರ್ಷ ಗುತ್ತಿಗೆಯವರು ಅದನ್ನು ಸವರಿ ಹಾಕಿ, ನಮ್ಮ ಅತ್ತೆ ಒಂದು ವಾರ ಯಾರೊಡನೆಯೂ ಮಾತನಾಡಲಿಲ್ಲ.


ಸುಂಟಿಕೊಪ್ಪ ಸ್ಪ್ಯಾನರ್ (ಮೇ 11)

ಟೀಚರ್, ವೋಲ್ಟ್ ನೋಡಿ ಮೋಸ ಹೋಗಬೇಡಿ. ಒಂದು ಲಿಥಿಯಂ ಸೆಲ್‌ಗೆ ಸಾಧಾರಣವಾಗಿ 3.6 ವೋಲ್ಟ್, ತುಂಬಿದಾಗ 4.2. ಐದು ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಒಂದು ಲೆಕ್ಕಕ್ಕೆ 18, ಇನ್ನೊಂದು ಲೆಕ್ಕಕ್ಕೆ 21. ಹಾಗಾಗಿ 18, 20, 21 ಇವು ಒಂದೇ ಮಗುವಿನ ಮೂರು ಹೆಸರು. 36 ಬೇರೆ, ಅದು ನಿಜವಾಗಿಯೂ ಹತ್ತು ಸೆಲ್‌ನದು. ಇನ್ನು ಆ 88: ಗಿರಾಕಿಯೊಬ್ಬರು ರಿಪೇರಿಗೆ ತಂದ ಹೆಸರಿಲ್ಲದ ಯಂತ್ರದ ಬ್ಯಾಟರಿಯನ್ನು ಬಿಚ್ಚಿ ನೋಡಿದೆ. ಡಬ್ಬದ ಮೇಲೆ 88, ಒಳಗೆ ಐದೇ ಸೆಲ್.

ನೀವು ನೋಡಬೇಕಾದದ್ದು ವೋಲ್ಟನ್ನು ಆಂಪಿಯರ್ ಅವರಿನಿಂದ (Ah) ಗುಣಿಸಿದಾಗ ಬರುವ ವಾಟ್ ಅವರ್, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ಇದೆ ಎಂಬ ಲೆಕ್ಕ. 18 ವೋಲ್ಟಿನ 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 36 ವಾಟ್ ಅವರ್, 5ರದ್ದರಲ್ಲಿ 90. ಕೆಲಸದ ಹೊತ್ತಿನಲ್ಲಿ ಯಂತ್ರ 250 ವಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ಮೊದಲನೆಯದು ಎಂಟೊಂಬತ್ತು ನಿಮಿಷಕ್ಕೆ ಸುಸ್ತು, ಎರಡನೆಯದು ಇಪ್ಪತ್ತು ನಿಮಿಷ ದಾಟುತ್ತದೆ. ನಿಮ್ಮ ಆರು ಸೆಂಟಿಗೆ 18 ವೋಲ್ಟಿನ ಯಂತ್ರವೇ ಸಾಕು. ಆದರೆ ಬ್ಯಾಟರಿ 4 ಅಥವಾ 5ರದ್ದು ಇರಲಿ, ಸಾಧ್ಯವಾದರೆ ಎರಡು.

ಕೊಳ್ಳುವ ಮುನ್ನ ಮನೆಯಲ್ಲಿ ಯಾರ ಹತ್ತಿರ ಯಾವ ಡ್ರಿಲ್ ಇದೆ ಎಂದು ವಿಚಾರಿಸಿ. ಅದರ ಬ್ಯಾಟರಿ ಹುಲ್ಲಿನ ಯಂತ್ರಕ್ಕೂ ಕೂರುವುದಾದರೆ, ಬ್ಯಾಟರಿ ಇಲ್ಲದ ಬರಿ ಯಂತ್ರವೂ ಸಿಗುತ್ತದೆ, ದುಡ್ಡು ಉಳಿಯುತ್ತದೆ. ಆದರೆ ಹೆಸರು ಒಂದೇ ಇದ್ದ ಮಾತ್ರಕ್ಕೆ ಬ್ಯಾಟರಿ ಕೂರುವುದಿಲ್ಲ. ಬಾಷ್‌ನ ನೀಲಿ ಬಣ್ಣದ 18 ವೋಲ್ಟ್ ಬ್ಯಾಟರಿ ಅದೇ ಬಾಷ್‌ನ ಹಸಿರು ಯಂತ್ರಕ್ಕೆ ಆಗದು. ಮಕೀಟಾದ 18 ಮತ್ತು 40 ವೋಲ್ಟಿನವು ಬೇರೆ ಬೇರೆ. ಸ್ಟಿಲ್ ಕಂಪನಿಯ ಎಕೆ ಸಾಲಿನ ಬ್ಯಾಟರಿ ಎಪಿ ಸಾಲಿನ ಯಂತ್ರಕ್ಕೆ ಹೊಂದುವುದಿಲ್ಲ.

ಗರಿಕೆಗೆ ನೈಲಾನ್ ದಾರ. ಕಬ್ಬಿಣದ ಬ್ಲೇಡನ್ನು ತಯಾರಕರು ಒಪ್ಪಿದ ಯಂತ್ರಕ್ಕೆ ಮಾತ್ರ ಹಾಕಬೇಕು. ಸಣ್ಣ ಯಂತ್ರಕ್ಕೆ ಹಾಕಿ, ಅದು ಕಲ್ಲಿಗೆ ಬಡಿದರೆ ಏನಾಗುತ್ತದೆ ಎಂದು ನನ್ನ ಎಡ ಮೊಣಕಾಲನ್ನು ಕೇಳಿ. ಇನ್ನೊಂದು: ಕೆಳಗಿನ ಪ್ಲಾಸ್ಟಿಕ್ ಕವಚವನ್ನು ಅಡ್ಡ ಎಂದು ಯಾರೂ ಬಿಚ್ಚಬೇಡಿ. ಅದರ ಅಂಚಿನಲ್ಲಿ ಪುಟ್ಟ ಅಲಗು ಇರುತ್ತದೆ, ದಾರವನ್ನು ಅಳತೆಗೆ ಕತ್ತರಿಸುವುದು ಅದೇ. ಕವಚ ಹೋದರೆ ದಾರ ಉದ್ದವಾಗಿ, ಮೋಟರಿಗೆ ಭಾರವಾಗಿ ಬಿಸಿಯಾಗುತ್ತದೆ. ನನ್ನ ಬಳಿ ಬರುವ ಸುಟ್ಟ ಮೋಟರುಗಳಲ್ಲಿ ಹೆಚ್ಚಿನವು ಕವಚವಿಲ್ಲದೆಯೇ ಬರುತ್ತವೆ.


ಸಿದ್ದಾಪುರ ರೋಬಸ್ಟಾ (ಮೇ 12)

ನಾನು ಪೆಟ್ರೋಲಿನವನು, ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬ್ಯಾಟರಿ ಹೊಗಳುವವರೆಲ್ಲ ಅಂಗಳದವರು. ಎಕರೆಗಟ್ಟಲೆ ತೋಟದಲ್ಲಿ, ಅಳ್ಳೆಯೆತ್ತರ ಬೆಳೆದ ಕಮ್ಯುನಿಸ್ಟ್ ಗಿಡವೆಂಬ ಕಳೆಯ ನಡುವೆ ನಿಮ್ಮ ಇಪ್ಪತ್ತು ನಿಮಿಷದ ಆಟಿಕೆಯನ್ನು ಹಿಡಿದು ನಿಂತರೆ ಗಿಡವೇ ನಗುತ್ತದೆ. ಟ್ಯಾಂಕಿಗೆ ಎಣ್ಣೆ ಸುರಿದರೆ ಮತ್ತೆ ಒಂದು ಗಂಟೆ ಓಡುವ ಯಂತ್ರಕ್ಕೆ ಸಾಟಿ ಯಾವುದಿದೆ?

ಇಷ್ಟಾದರೂ ಮನೆಯ ಹತ್ತಿರಕ್ಕೆಂದು ನಾನೇ ಕಳೆದ ವರ್ಷ ಬ್ಯಾಟರಿಯದ್ದನ್ನು ತಂದೆ. ಕಾರಣ ಆನೆ. ನಮ್ಮ ಕಡೆ ಅವು ಹಗಲಲ್ಲೂ ತೋಟದಲ್ಲಿ ನಿಂತಿರುತ್ತವೆ. ಪೆಟ್ರೋಲ್ ಯಂತ್ರ ಕಿವಿಯ ಪಕ್ಕದಲ್ಲಿ ಅರಚುವಾಗ ಹಿಂದೆ ಬಿದಿರು ಮುರಿದರೂ ಕೇಳುವುದಿಲ್ಲ. ಒಮ್ಮೆ ಎಣ್ಣೆ ಮುಗಿದು ಯಂತ್ರ ತಾನಾಗಿ ನಿಂತಿತು, ಹಲಸಿನ ಮರದ ಆಚೆ ಉಸಿರು ಕೇಳಿಸಿತು. ಯಂತ್ರವನ್ನು ಅಲ್ಲೇ ಬಿಟ್ಟು ಓಡಿದವನು ಮರುದಿನ ಹೋಗಿ ತಂದೆ. ಬ್ಯಾಟರಿ ಯಂತ್ರಕ್ಕೂ ಸದ್ದಿದೆ, ಆದರೆ ಗುಂಡಿಯಿಂದ ಬೆರಳು ತೆಗೆದ ಕ್ಷಣ ಪೂರ್ತಿ ನಿಶ್ಶಬ್ದ. ಎರಡು ನಿಮಿಷಕ್ಕೊಮ್ಮೆ ನಿಲ್ಲಿಸಿ ಕಿವಿಗೊಡುತ್ತೇನೆ.

ಟೀಚರಿಗೆ ಆನೆಯ ಭಯವಿಲ್ಲದಿರಬಹುದು, ಆದರೆ ಹಾವಿಗೂ ಇದೇ ಎಚ್ಚರ ಬೇಕು. ಗಮ್ ಬೂಟು, ಕಣ್ಣಿಗೆ ಕನ್ನಡಕ ಮರೆಯಬೇಡಿ.


ನಾಪೋಕ್ಲು ಟೀಚರ್ (ಮೇ 12)

ಇಬ್ಬರಿಗೂ ವಂದನೆ. ಸ್ಪ್ಯಾನರ್ ಅವರೇ, ವಾಟ್ ಅವರ್ ಲೆಕ್ಕವನ್ನು ಇಷ್ಟು ಸರಳವಾಗಿ ಹೇಳುವವರು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇರಲಿಲ್ಲ. ಮೊಣಕಾಲಿನ ಕಥೆಯನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬ್ಲೇಡಿನ ಮಾತು ಮನೆಯಲ್ಲಿ ಅಲ್ಲಿಗೆ ನಿಂತಿತು.

ಮಳೆಗಾಲದ ಪ್ರಶ್ನೆ ಹಾಗೆಯೇ ಉಳಿದಿದೆ. ಇನ್ವರ್ಟರಿನಿಂದ ಚಾರ್ಜ್ ಮಾಡಬಹುದೇ? ತಿಂಗಳುಗಟ್ಟಲೆ ಸುಮ್ಮನೆ ಇಟ್ಟರೆ ಕೆಡುತ್ತದೆಯೇ? ಹುಲ್ಲುಹಾಸಿಗೆ ತಳ್ಳಿಕೊಂಡು ಹುಲ್ಲು ಕತ್ತರಿಸುವ ನಾಲ್ಕು ಚಕ್ರದ ಗಾಡಿಯೇ ಬೇಕು ಎಂದು ಯಜಮಾನರ ವಾದ.


ಮಡಿಕೇರಿ ಮಂಜು (ಮೇ 13)

ಹೋಂಸ್ಟೇ ನಡೆಸುತ್ತೇನೆ, ಹುಲ್ಲು ಕತ್ತರಿಸುವುದು ನನ್ನ ಅರ್ಧ ಉದ್ಯೋಗ. ಗಾಡಿಯ ಮಾತು ಮೊದಲು. ಸಮತಟ್ಟಾದ ಜಾಗವಿದ್ದರೆ ಗಾಡಿಯಷ್ಟು ಚೆನ್ನಾಗಿ ದಾರ ಕತ್ತರಿಸದು, ಒಪ್ಪುತ್ತೇನೆ. ನಿಮ್ಮದು ಇಳಿಜಾರು ಎಂದಿರಿ. ಒದ್ದೆ ಇಳಿಜಾರಿನಲ್ಲಿ ಗಾಡಿ ಮೊದಲು ಜಾರುತ್ತದೆ, ಅದರ ಹಿಂದೆ ನೀವು. ಅಂಗಳದ ಅಂಚು, ಬಾವಿಕಟ್ಟೆಗೆ ಹೇಗೂ ದಾರದ ಯಂತ್ರವೇ ಬೇಕು. ಅಲ್ಲಿಗೆ ಗಾಡಿಯ ಖರ್ಚು ಉಳಿಯಿತು.

ಇನ್ವರ್ಟರಿನಿಂದ ಚಾರ್ಜ್ ಮಾಡಬಹುದು. ಸೈನ್ ವೇವ್ ಇನ್ವರ್ಟರ್ ಆಗಿರಲಿ, ಹಳೆಯ ಸ್ಕ್ವೇರ್ ವೇವ್‌ನಲ್ಲಿ ಕೆಲವು ಚಾರ್ಜರ್‌ಗಳು ಬಿಸಿಯಾಗುತ್ತವೆ. 90 ವಾಟ್ ಅವರ್ ಬ್ಯಾಟರಿ ತುಂಬಲು ನಷ್ಟವೂ ಸೇರಿ 110 ವಾಟ್ ಅವರ್ ಹಿಡಿದುಕೊಳ್ಳಿ. 150 ಆಂಪಿಯರ್ ಅವರಿನ 12 ವೋಲ್ಟ್ ಇನ್ವರ್ಟರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ಇರುತ್ತದೆ. ದೊಡ್ಡ ಹೊರೆಯಲ್ಲ.

ಸುಮ್ಮನೆ ಇಡುವುದಾದರೆ ಪೂರ್ತಿ ತುಂಬಿಸಿಡಬೇಡಿ, ಪೂರ್ತಿ ಖಾಲಿಯೂ ಬೇಡ. ಅರ್ಧ ಚಾರ್ಜ್, ತಣ್ಣಗಿನ ಒಣ ಜಾಗ. ಕಕ್ಕಡದಲ್ಲಿ (ಜಡಿಮಳೆಯ ತಿಂಗಳು) ಕೊಡಗಿನ ಯಾವ ಮನೆಯಲ್ಲಿ ಒಣ ಜಾಗ ಎಂದು ಕೇಳುತ್ತೀರಿ, ಗೊತ್ತು. ಎಲ್ಲರಿಗೂ ಹೊಳೆಯುವುದು ಒಲೆಯ ಮೇಲಿನ ಅಟ್ಟ. ಅಲ್ಲಿ ಮಾತ್ರ ಇಡಬೇಡಿ. ಹೊಗೆಗೆ ಮಾಂಸ ಕೆಡುವುದಿಲ್ಲ. ಶಾಖಕ್ಕೆ ಲಿಥಿಯಂ ಕೆಡುತ್ತದೆ. ನಾನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬದಲ್ಲಿ, ಬಟ್ಟೆ ಸುತ್ತಿ, ಬೀರುವಿನಲ್ಲಿ ಇಡುತ್ತೇನೆ. ಕೆಲಸದಿಂದ ತಂದ ಬಿಸಿ ಬ್ಯಾಟರಿಯನ್ನು ಆರಿದ ಮೇಲೆಯೇ ಚಾರ್ಜಿಗೆ ಹಾಕಿ.

ಕೊನೆಗೆ ನನ್ನದೊಂದು ದುಃಖ. ಈ ದಾರದ ಯಂತ್ರವನ್ನು 1971ರಲ್ಲಿ ಕಂಡುಹಿಡಿದವರು ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್. ಕಾರು ತೊಳೆಯುವ ಯಂತ್ರದ ತಿರುಗುವ ಕುಂಚಗಳನ್ನು ನೋಡಿ ಹೊಳೆಯಿತಂತೆ. ಪಾಪ್‌ಕಾರ್ನ್ ಡಬ್ಬಕ್ಕೆ ಮೀನಿನ ಗಾಳದ ದಾರ ಸಿಕ್ಕಿಸಿ ಮೊದಲ ಪ್ರಯೋಗ. ಮರದ ಬುಡದ ಹುಲ್ಲು ತೆಗೆಯುವುದೇ ಅವರ ಉದ್ದೇಶ. ಅದೇ ದಾರ ನನ್ನ ನಾಲ್ಕು ಕಿತ್ತಳೆ ಸಸಿಗಳನ್ನು ಕೊಂದಿತು. ಬುಡದ ಎಳೆ ತೊಗಟೆ ಸುತ್ತಲೂ ಸುಲಿದರೆ ಗಿಡಕ್ಕೆ ಉಳಿಗಾಲವಿಲ್ಲ, ಅದು ತಿಳಿಯುವಷ್ಟರಲ್ಲಿ ಎಲೆ ಹಳದಿಯಾಗಿತ್ತು. ಸಸಿ, ಮೆಣಸಿನ ಬಳ್ಳಿ, ನಿಮ್ಮ ತೋಕ್ ಪೂ, ಇವುಗಳ ಸುತ್ತ ಒಂದು ಮೊಳ ಕೈಯಲ್ಲೇ ಕೀಳಿ.


ನಾಪೋಕ್ಲು ಟೀಚರ್ (ಸೆಪ್ಟೆಂಬರ್ 7)

ನಾಲ್ಕು ತಿಂಗಳಾಯಿತು, ವರದಿ ಒಪ್ಪಿಸಬೇಕು.

ಮಡಿಕೇರಿಯ ಅಂಗಡಿಯಲ್ಲಿ ಮೂರನ್ನು ಕೈಯಲ್ಲಿ ಹಿಡಿದು ನೋಡಿದೆ. 36 ವೋಲ್ಟಿನದು ಬಲಶಾಲಿ, ಆದರೆ ಭುಜ ಐದು ನಿಮಿಷಕ್ಕೆ ತಕರಾರು ತೆಗೆಯಿತು. 18ರದ್ದನ್ನು ತಂದೆ, ಬ್ಯಾಟರಿ ಸೇರಿ ಮೂರು ಕಿಲೋ. ಅಳಿಯನ ಡ್ರಿಲ್ಲಿನ ಬ್ಯಾಟರಿ ಅದಕ್ಕೆ ಕೂರುತ್ತದೆ. ಹಾಗಾಗಿ ಒಂದೇ ಬ್ಯಾಟರಿ ಕೊಂಡೆ. ಆತನಿಗೆ ಈಗ ಡ್ರಿಲ್ ಇದೆ, ಬ್ಯಾಟರಿ ಇಲ್ಲ.

ಆರು ಸೆಂಟನ್ನು ಒಂದೇ ದಿನ ಮುಗಿಸುವ ಹಟ ಬಿಟ್ಟಿದ್ದೇನೆ. ಮಳೆ ಹೊಳವಾದ ಹೊತ್ತಿಗೆ ಒಂದು ಬ್ಯಾಟರಿ ಮುಗಿಯುವವರೆಗೆ ಕತ್ತರಿಸಿ ಒಳಗೆ ಬರುತ್ತೇನೆ. ಅಷ್ಟರಲ್ಲಿ ಭುಜವೂ ಖಾಲಿ, ಬ್ಯಾಟರಿಯೂ ಖಾಲಿ, ಜೋಡಿ ಸರಿಯಾಗಿದೆ. ಜುಲೈಯಲ್ಲಿ ಹದಿನೆಂಟು ದಿನ ಹೊಳವಾಗಲೇ ಇಲ್ಲ. ಆಮೇಲೆ ಹುಲ್ಲು ಮೊಣಕಾಲಿಗೆ ಬಂದಿತ್ತು, ದಾರಕ್ಕೆ ಸುತ್ತಿಕೊಂಡು ಯಂತ್ರ ಗೊರಗೊರ ಎಂದು ನಿಲ್ಲುತ್ತಿತ್ತು. ಮೊದಲು ಮೇಲಿನ ಅರ್ಧ, ಎರಡು ದಿನ ಬಿಟ್ಟು ಕೆಳಗಿನದ್ದು ಎಂದು ಮಾಡಿದ ಮೇಲೆ ದಾರಿಗೆ ಬಂತು. ನಾಚಿಕೆ ಮುಳ್ಳು ಮಾತ್ರ ಜಗ್ಗಲಿಲ್ಲ. ಎಳೆಯದು ತುಂಡಾಗುತ್ತದೆ, ಬಲಿತ ಕಾಂಡ ದಾರವನ್ನೇ ತಿನ್ನುತ್ತದೆ. ಅದಕ್ಕೆ ಅಜ್ಜನ ಕತ್ತಿಯೇ.

ಸದ್ದಿಗೆ ಅತ್ತೆಯ ಮಧ್ಯಾಹ್ನದ ನಿದ್ದೆ ಕೆಡಲಿಲ್ಲ. ಅವರ ದೂರು ಬೇರೆ: ಒದ್ದೆ ಹುಲ್ಲಿನ ಚೂರೆಲ್ಲ ಜಗುಲಿಯ ಬಿಳಿ ಗೋಡೆಗೆ ಅಂಟಿ ಗೋಡೆಗೆ ಹಸಿರು ಸಿಡುಬು ಬಂದಂತಾಗಿದೆ. ಕೈಲ್ ಪೊಳ್ದಿಗೆ ಮುನ್ನ ಕೂತು ಕೆರೆದೆ, ಯಂತ್ರ ಉಳಿಸಿದ ಸಮಯ ಅಲ್ಲಿಗೆ ಸಮವಾಯಿತು.

ತೋಕ್ ಪೂವಿನ ಸುತ್ತ ಮೂರು ಗೂಟ ಹೊಡೆದು ಹಳೆಯ ಕೆಂಪು ಸೀರೆಯ ಅಂಚು ಕಟ್ಟಿದ್ದೆ. ಒಂಬತ್ತು ಹೂವು ಬಿಟ್ಟಿತು. ಕರ್ಣಕುಂಡಲದ ಒಂದು ಸಾಲು ಮಾತ್ರ ಹೋಯಿತು, ಅದಕ್ಕೆ ಸೀರೆ ಕಟ್ಟಿರಲಿಲ್ಲ. ಹಬ್ಬದ ದಿನ ಕೋವಿ, ಕತ್ತಿಗಳ ಜೊತೆ ಯಂತ್ರವನ್ನೂ ಪೂಜೆಗೆ ಇಡು ಎಂದು ಯಜಮಾನರು ಹೇಳಿದರು. ಬ್ಯಾಟರಿ ಅಳಿಯನ ಮನೆಯಲ್ಲಿತ್ತು, ಇನ್ನೊಂದು ಚಾರ್ಜಿಗೆ. ಬರಿ ಕೋಲಿಗೆ ಕುಂಕುಮ ಇಡುವುದಿಲ್ಲ ಎಂದು ಅತ್ತೆ ಬೇಡವೆಂದರು.

ಈಗ ಒಂದು ಸಹಾಯ. ನನ್ನ ಯಂತ್ರಕ್ಕೆ 2 ಮಿಲಿಮೀಟರ್ ದಾರ. ಇಲ್ಲಿನ ಅಂಗಡಿಯಲ್ಲಿ ಇರುವುದು ಪೆಟ್ರೋಲ್ ಯಂತ್ರದ ದಪ್ಪ ದಾರವೇ, ಅದನ್ನು ತುರುಕಬೇಡಿ ಎಂದು ಸ್ಪ್ಯಾನರ್ ಅವರು ಫೋನಿನಲ್ಲಿ ಗದರಿದರು. ಇದ್ದ ದಾರವೂ ಒಣಗಿ ಪುಟುಪುಟು ಮುರಿಯುತ್ತಿದೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ ನೋಡುತ್ತಿದ್ದೇನೆ. ಈ ವಾರ ಮೈಸೂರಿಗೆ ಹೋಗುವವರು ಯಾರಾದರೂ ಇದ್ದರೆ ಒಂದು ಸುರುಳಿ ತಂದುಕೊಡುವಿರಾ?