ಐಸಿಡಿ-10ರಿಂದ ಆರ್ಫಾ ಕೋಡ್‌ಗೆ ಹೋದರೆ ರೋಗಿಗಳ ಸಂಖ್ಯೆ ಉಬ್ಬುತ್ತಿದೆ, ಎಲ್ಲಿ ತಪ್ಪಿದೆ?

ಲೆಕ್ಕತಪ್ಪಿದವ:
ನಮಸ್ಕಾರ. ಹಳೇ ಡಿಸ್ಚಾರ್ಜ್ ದಾಖಲೆಗಳಿಂದ ಗೌಚರ್ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇರುವವರನ್ನು ಹುಡುಕುತ್ತಿದ್ದೇನೆ. ಇರುವುದು ಡಬ್ಲ್ಯುಎಚ್‌ಒದ ಕಾಯಿಲೆ ವರ್ಗೀಕರಣವಾದ ಐಸಿಡಿ-10ರ ಕೋಡ್ ಮಾತ್ರ. ಅಪರೂಪದ ಕಾಯಿಲೆಗಳಿಗೆ ಕೊಡುವ ಆರ್ಫಾ ಕೋಡ್‌ಗಳನ್ನು ಐಸಿಡಿ ಕೋಡ್‌ಗಳಿಗೆ ಹೊಂದಿಸಿರುವ ಆರ್ಫಾಡೇಟಾದ ಮ್ಯಾಪಿಂಗ್ ಫೈಲ್ ಇಳಿಸಿಕೊಂಡು ಐಸಿಡಿ ಕಾಲಮ್ ಮೇಲೆ ಜಾಯಿನ್ ಮಾಡಿದೆ, ಅಂದರೆ ಒಂದೇ ಕೋಡ್ ಇರುವ ಸಾಲುಗಳನ್ನು ಜೋಡಿಸಿದೆ. ಇ75.2 ಇದ್ದ ಪ್ರತಿ ರೋಗಿಯೂ ಹಲವು ಸಾಲಾಗಿ ಒಡೆದುಹೋದರು. ಒಬ್ಬರಿಗೇ ಗೌಚರ್, ಫ್ಯಾಬ್ರಿ, ಕ್ರಾಬೆ ಎಲ್ಲಾ ಇದೆಯಂತೆ! ಗೌಚರ್ ಸಾಲು ಮಾತ್ರ ಉಳಿಸಿಕೊಂಡೆ. ಆದರೂ ಲ್ಯಾಬ್ ಪಟ್ಟಿಗಿಂತ ತುಂಬಾ ಜಾಸ್ತಿ.

ಹಳೇ ಕೋಡರ್:
ಜಾಯಿನ್ ಸರಿಯಾಗೇ ಕೆಲಸ ಮಾಡಿದೆ, ನೀವು ಹೋದ ದಿಕ್ಕು ತಪ್ಪು. ಇ75.2 ಒಂದು ಕಾಯಿಲೆಯ ಕೋಡ್ ಅಲ್ಲ, 'ಇತರೆ' ಅನ್ನುವ ಡಬ್ಬ. ಗೌಚರ್, ಫ್ಯಾಬ್ರಿ, ಕ್ರಾಬೆ, ನೀಮನ್-ಪಿಕ್, ಫಾರ್ಬರ್ ಎಲ್ಲಾ ಅದರೊಳಗೇ ಇವೆ. ಮ್ಯಾಪಿಂಗ್ ಫೈಲಲ್ಲಿ ಸಂಬಂಧ ಹೇಳುವ ಕಾಲಮ್ ಇದೆ, ನೋಡಿದಿರಾ? ಅಲ್ಲಿ 'ಇ' ಅಂತಿದ್ದರೆ ಎರಡೂ ಕೋಡ್ ಒಂದೇ ಅರ್ಥ. 'ಎನ್‌ಟಿಬಿಟಿ' ಅಂತಿದ್ದರೆ ಆರ್ಫಾ ಕಡೆಯದು ಚಿಕ್ಕದು, ಐಸಿಡಿ ಕಡೆಯದು ದೊಡ್ಡದು. ಚಿಕ್ಕದರಿಂದ ದೊಡ್ಡದಕ್ಕೆ ಹೋಗಬಹುದು, ವಾಪಸ್ ಬರಲು ಆಗುವುದಿಲ್ಲ. ನೀವು ಉಳಿಸಿಕೊಂಡಿದ್ದು ಗೌಚರ್ ರೋಗಿಗಳನ್ನಲ್ಲ. ಇ75.2 ರೋಗಿಗಳೆಲ್ಲರಿಗೂ ಗೌಚರ್ ಅಂತ ಚೀಟಿ ಅಂಟಿಸಿದ್ದೀರಿ, ಅಷ್ಟೇ.

ಲೆಕ್ಕತಪ್ಪಿದವ:
ಅಯ್ಯೋ. ಹಾಗಾದರೆ ಹಳೇ ದಾಖಲೆ ಸುಮ್ನೆ ಬಿಸಾಕಬೇಕಾ?

ಹಳೇ ಕೋಡರ್:
ಬೇಡ. ಅದನ್ನು ಅನುಮಾನದ ಪಟ್ಟಿ ಅಂತ ಇಟ್ಟುಕೊಳ್ಳಿ. ಮೊದಲು ಭೇಟಿಗಳನ್ನಲ್ಲ, ವ್ಯಕ್ತಿಗಳನ್ನು ಎಣಿಸಿ. ಪದೇ ಪದೇ ದಾಖಲಾಗುವವರೇ ಇಲ್ಲಿ ಜಾಸ್ತಿ. ಆಮೇಲೆ ಬೇರೆ ಸಾಕ್ಷಿ ಜೋಡಿಸಿ. ಗೌಚರ್‌ನಲ್ಲಿ ಕೊರತೆಯಾಗುವ ಗ್ಲೂಕೋಸೆರೆಬ್ರೊಸಿಡೇಸ್ ಕಿಣ್ವ ಪರೀಕ್ಷೆಯಲ್ಲಿ ಕಡಿಮೆ ಬಂದಿದೆಯಾ, ಗೌಚರ್‌ನ ಔಷಧಿಗಳಾದ ಇಮಿಗ್ಲುಸೆರೇಸ್ ಅಥವಾ ಎಲಿಗ್ಲುಸ್ಟಾಟ್ ಕೊಟ್ಟಿದ್ದಾರಾ ನೋಡಿ. ಮಿಗ್ಲುಸ್ಟಾಟ್ ಒಂದನ್ನೇ ನಂಬಬೇಡಿ, ಅದನ್ನು ನೀಮನ್-ಪಿಕ್ ಸಿ ಇರುವವರಿಗೂ ಕೊಡುತ್ತಾರೆ. ನಾನು ಒಮ್ಮೆ ಹೀಗೇ ಮೋಸ ಹೋಗಿದ್ದೆ.

ಅಮೆರಿಕದ ಐಸಿಡಿ-10-ಸಿಎಂ ಇದ್ದಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ. ಅಲ್ಲಿ ಫ್ಯಾಬ್ರಿಗೆ ಇ75.21, ಗೌಚರ್‌ಗೆ ಇ75.22.

ಕಿಣ್ವ ಮೂಲೆ:
ಇನ್ನೊಂದು. ಆರ್ಫಾದಲ್ಲಿ ಗೌಚರ್ ಅಂದರೆ 355. ಒಂದು, ಎರಡು, ಮೂರನೇ ಬಗೆಗಳಿಗೆ 77259, 77260, 77261. ಬಗೆ ಗೊತ್ತಿದ್ದರೆ ಅದನ್ನೇ ಬರೆಯಿರಿ, ಎಣಿಸುವಾಗ ಎಲ್ಲವನ್ನೂ 355ಕ್ಕೆ ಸೇರಿಸಿ. ಕಾಯಿಲೆ ಯಾವುದು ಅಂತ ತಿಳಿಯದವರಿಗೆಲ್ಲ 616874 ಹಾಕುವ ಚಾಳಿ ಕೆಲವರಿಗಿದೆ. ಅದು ಎಲ್ಲ ಪರೀಕ್ಷೆ ಮುಗಿಸಿದರೂ ಹೆಸರು ಸಿಗದ ಅಪರೂಪದ ಕಾಯಿಲೆಗೆ. ದಾಖಲೆ ಅರ್ಧಂಬರ್ಧ ಇದ್ದರೆ ಹಾಕುವಂತಿಲ್ಲ.

ಹೊಸಬ11:
ನಾವು ಐಸಿಡಿ-11ಕ್ಕೆ ಹೋಗುತ್ತಿದ್ದೇವೆ. 2022ರ ಜನವರಿಯಿಂದ ಜಾರಿಯಲ್ಲಿದೆ ಅಲ್ವಾ? ಅದರಲ್ಲಿ ಇದೆಲ್ಲ ಸರಿಹೋಗುತ್ತದಾ?

ಹಳೇ ಕೋಡರ್:
ಬಹಳಷ್ಟು. ಆದರೆ ಅಲ್ಲೂ ಎಲ್ಲದಕ್ಕೂ ಪ್ರತ್ಯೇಕ ಕೋಡ್ ಇಲ್ಲ. ಕೋಡ್ ಜೊತೆ ಫೌಂಡೇಶನ್ ಯುಆರ್‌ಐ, ಅಂದರೆ ಐಸಿಡಿ-11ರಲ್ಲಿ ಪ್ರತಿ ಕಾಯಿಲೆಗೂ ಇರುವ ವೆಬ್ ವಿಳಾಸದಂಥ ಗುರುತನ್ನೂ ಉಳಿಸಿಕೊಳ್ಳಿ. ಒಂದೇ ಕೋಡ್‌ನೊಳಗೆ ಬಿದ್ದ ಎರಡು ಕಾಯಿಲೆಗಳಿಗೂ ಅದು ಬೇರೆ ಬೇರೆ ಇರುತ್ತದೆ. ಮತ್ತೆ, ಫೈಲನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆಯಬೇಡಿ! ಆನುವಂಶಿಕ ಪ್ರಿಯಾನ್ ಕಾಯಿಲೆಗಳ ಕೋಡ್ 8ಇ02. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡು 800 ಮಾಡಿಬಿಡುತ್ತದೆ. ಕಾಲಮ್ ಅನ್ನು ಮೊದಲೇ ಟೆಕ್ಸ್ಟ್ ಅಂತ ಇಟ್ಟುಕೊಂಡು ಇಂಪೋರ್ಟ್ ಮಾಡಿ.

ಲೆಕ್ಕತಪ್ಪಿದವ:
ಔಷಧಿ, ಕಿಣ್ವ ಎರಡನ್ನೂ ಜೋಡಿಸಿದೆ. ಲ್ಯಾಬ್ ಪಟ್ಟಿಗೆ ಹತ್ತಿರ ಬಂತು. ಹೊರಗೆ ಬಿದ್ದವರಲ್ಲಿ ಹೆಚ್ಚಿನವರ ಟಿಪ್ಪಣಿಯಲ್ಲಿ ಫ್ಯಾಬ್ರಿ ಅಂತ ಬರೆದೇ ಇತ್ತು, ನಾನೇ ಓದಿರಲಿಲ್ಲ. ಇಬ್ಬರದು ಮಾತ್ರ ಬಗೆಹರಿದಿಲ್ಲ. ಅವರ ಕಾಗದದ ಫೈಲ್ ತರಿಸಲು ಹೇಳಿದ್ದೇನೆ. ಹೊಸ ಫಾರಂನಲ್ಲಿ ಐಸಿಡಿ ಪಕ್ಕದಲ್ಲೇ ಆರ್ಫಾ ಕೋಡ್‌ಗೆ ಒಂದು ಖಾನೆ ಸೇರಿಸಿದೆ.