ಹಳೇ ರಿವಾಲ್ವರ್ ಮಾರಲಾ, ಇಟ್ಕೊಳ್ಳಲಾ? ಸಹಾಯ ಬೇಕು

ನಮಸ್ಕಾರ. ಲೈಸೆನ್ಸ್ ಇರುವವರು ಸ್ವಲ್ಪ ದಾರಿ ತೋರಿಸಿ. ನನ್ನ ಹತ್ತಿರ ಕಾನ್ಪುರದಲ್ಲಿ ತಯಾರಾದ .32 (ಇಂಚಿನಲ್ಲಿ ಗುಂಡಿನ ಅಳತೆ) ರಿವಾಲ್ವರ್ ಇದೆ. ಜೊತೆಗೆ ಅಪ್ಪನ ಕಾಲದ 12 ಬೋರ್ ಜೋಡಿ ನಳಿಗೆ ಕೋವಿ. ಈಗ ಅಶನಿ ಪಿಸ್ತೂಲ್ ತಗೊಳ್ಳುವ ಮನಸ್ಸಾಗಿದೆ. ಆದರೆ ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಬಂದ ಮೇಲೆ ಒಬ್ಬರ ಹೆಸರಲ್ಲಿ ಎರಡೇ ಬಂದೂಕು ಇರಬಹುದು, ಮೊದಲಿನ ಹಾಗೆ ಮೂರಲ್ಲ. ತೋಟದ ಮನೆಗೆ ಕೋವಿ ಬೇಕೇ ಬೇಕು, ಅದನ್ನು ಮಾರುವ ಮಾತೇ ಇಲ್ಲ. ಹಾಗಾಗಿ ಹೋಗಬೇಕಾದದ್ದು ರಿವಾಲ್ವರೇ.

ಮನಸ್ಸು ಒಪ್ಪುತ್ತಿಲ್ಲ. ಟ್ರಿಗರ್ ಗಟ್ಟಿ, ನಿಜ. ಆದರೆ ಒಂದು ತೋಟಾ (ಗುಂಡು) ಹಾರದಿದ್ದರೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಸಾಕು. ಪಿಸ್ತೂಲಿನಲ್ಲಿ ಸ್ಲೈಡ್ (ಮೇಲೆ ಹಿಂದೆ-ಮುಂದೆ ಜಾರುವ ಭಾಗ) ಎಳೆದು ಸರಿ ಮಾಡಬೇಕು. ಎರಡಕ್ಕೂ .32 ಅಂತಲೇ ಹೇಳಿದರೂ ತೋಟಾ ಬೇರೆ ಬೇರೆ, ಇರುವ ಸ್ಟಾಕ್ ಹೊಸದಕ್ಕೆ ಬರಲ್ಲ.

ಅಂಗಡಿಯವರು ಹೇಳುವ ಬೆಲೆ ಕೇಳಿದರೆ ನಗು ಬರುತ್ತೆ. ನೇರವಾಗಿ ಮಾರಬೇಕೆಂದರೆ ಜಿಲ್ಲಾಧಿಕಾರಿಗೆ ಅಥವಾ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು, ಕೊಳ್ಳುವವರಿಗೂ ಲೈಸೆನ್ಸ್ ಇರಬೇಕು ಅಲ್ವಾ?

ರಿವಾಲ್ವರ್ ಬಿಟ್ಟು ಅಶನಿಗೆ ಹೋದವರು ಯಾರಾದರೂ ಇದ್ದೀರಾ? ಖುಷಿಯಾಗಿದ್ದೀರಾ? ತಮ್ಮನಿಗೆ ಲೈಸೆನ್ಸ್ ಸಿಗುವ ತನಕ ಕಾದು ಅವನ ಹೆಸರಿಗೆ ವರ್ಗಾಯಿಸುವುದು ಮೇಲಾ?